ಮೀನಿಲ್ಲದ ಶುಕ್ರವಾರ

ಹಿಡಿಮಣ್ಣು ಹಾಕಲೆಂದು ಗುಂಡಿಯ ಅಂಚಿಗೆ ಬಗ್ಗಿದ್ದ ಮೇವಿಸ್ ತಲೆಯೆತ್ತಿದಾಗ, ಗೋರಿಕಲ್ಲುಗಳ ಆಚೆ ಮರದ ಕೆಳಗೆ ನಿಂತಿದ್ದ ಮನುಷ್ಯ ಕಣ್ಣಿಗೆ ಬಿದ್ದ. ಮಣ್ಣು ಅವಳ ಕೈಯಲ್ಲೇ ಉಳಿಯಿತು.

ಎತ್ತರದ ಆಳು. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಬೆನ್ನು ಬಾಗಿರಲಿಲ್ಲ. ಕಡುನೀಲಿ ಕೋಟು ತೊಟ್ಟು ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ಪಾದ್ರಿಯ ಪ್ರಾರ್ಥನೆಗೆ ಎಲ್ಲರೂ ತಲೆ ತಗ್ಗಿಸಿದ್ದರೆ ಅವನೊಬ್ಬ ನೆರೆದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ಸಂತೆಯಲ್ಲಿ ಕುರಿ ಆರಿಸುವವನ ಹಾಗೆ. ನೋಟ ಸಾಲಿನ ಕೊನೆಯವರೆಗೆ ಹೋಗಿ, ತಿರುಗಿ ಬಂದು, ಸತ್ತವಳ ಮಗಳು ಹೇಝಲ್‌ಳ ಮೇಲೆ ನಿಂತಿತು.

"ಹಾಕಮ್ಮಾ ಮೇವಿಸ್," ಎಂದು ಬೆನ್ನ ಹಿಂದಿನಿಂದ ಮುದುಕ ಬೆಬ್ ಪಿಸುಗುಟ್ಟಿದ. "ಹಿಂದೆ ಜನ ಕಾಯ್ತಾ ಇದಾರೆ."

"ಅಲ್ಲಿ ನಿಂತಿರೋನು ಯಾರು?"

ಬೆಬ್ ಕಣ್ಣು ಕಿರಿದು ಮಾಡಿ ನೋಡಿದ. "ಯಾರೋ ವಿನ್ನಿ ಕಡೆಯೋರು ಇರ್ಬೇಕು. ಹುಡುಗಿ ಹಲ್ ಬಂದರಿನ ಪೇಪರಲ್ಲಿ ಸಾವಿನ ಸುದ್ದಿ ಹಾಕಿಸಿದ್ಲಲ್ಲ, ಎಲ್ಲೋ ಸಿಕ್ಕ ಒಂದು ಫೋಟೋ ಸಮೇತ. ಅಮ್ಮನ ಊರೋರಿಗೆ ತಿಳೀಲಿ ಅಂತ. ಅದನ್ನ ನೋಡ್ಕೊಂಡು ಬಂದಿರ್ತಾರೆ. ಪಾಪ, ಒಬ್ಬರಾದ್ರೂ ಬಂದ್ರಲ್ಲ!"

ಪೇಪರಿನ ವಿಷಯ ಮೇವಿಸ್‌ಗೆ ಯಾರೂ ಹೇಳಿರಲಿಲ್ಲ. ಕೈ ತಾನಾಗಿಯೇ ಸಡಿಲಿ, ಮಣ್ಣು ಶವಪೆಟ್ಟಿಗೆಯ ಮೇಲೆ ಒಂದೇ ಮುದ್ದೆಯಾಗಿ ಧಪ್ಪೆಂದು ಬಿತ್ತು. ಆ ಸದ್ದಿಗೆ ಅವಳೇ ಬೆಚ್ಚಿದಳು.

*

ಚರ್ಚಿನ ಗೇಟಿನಿಂದ ಹೊರಬಂದು ರಸ್ತೆ ದಾಟಿದರೆ ಮೇವಿಸ್ ನಡೆಸುವ ಲ್ಯಾಂಬ್ ಪಬ್ಬು. ಮೇವಿಸ್ ಎಲ್ಲರಿಗಿಂತ ಮುಂಚೆ ಓಡುನಡಿಗೆಯಲ್ಲಿ ಬಂದು, ಹಿಂದೆಯೇ ಬಂದ ಹೇಝಲ್‌ಳನ್ನು ಅಡುಗೆಮನೆಯ ಬಾಗಿಲಲ್ಲೇ ಹಿಡಿದಳು.

"ನೀನು ಒಳಗೇ ಇರು. ಪೈ ಬಿಸಿ ಮಾಡು, ಗ್ರೇವಿ ನೋಡ್ಕೋ. ಹೊರಗಿಂದು ನಾನು ನೋಡ್ಕೋತೀನಿ."

"ಸತ್ತಿರೋದು ನಮ್ಮಮ್ಮ ಕಣಾಂಟಿ. ಬಂದೋರನ್ನ ನಾನು ಮಾತಾಡಿಸ್ಬೇಡ್ವಾ?"

"ಆಮೇಲೆ ಮಾತಾಡಿಸುವೆಯಂತೆ. ಈಗ ಹೇಳಿದಷ್ಟು ಕೇಳು."

ಹೇಝಲ್ ಊರ ಮಕ್ಕಳ ಶಾಲೆಯ ವ್ಯಾನು ಓಡಿಸುವವಳು. ಯಾರ ಮಾತಿಗೂ ಸುಲಭಕ್ಕೆ ಬಗ್ಗುವವಳಲ್ಲ. ಆದರೂ ಮೇವಿಸ್‌ಳ ಮುಖವನ್ನೊಮ್ಮೆ ನೋಡಿ, ಗೂಟದ ಮೇಲಿದ್ದ ತಾಯಿಯ ಏಪ್ರನ್ ತೆಗೆದು ಕಟ್ಟಿಕೊಂಡಳು.

ಒಲೆಯೊಳಗಿದ್ದ ಪೈಗಳನ್ನು ಮಾಡಿದ್ದೂ ವಿನ್ನಿಯೇ. ಭಾನುವಾರ ದನದ ಮಾಂಸವನ್ನು ಏಲ್ ಬಿಯರಿನಲ್ಲಿ ಬೇಯಿಸಿ, ಹಿಟ್ಟು ಲಟ್ಟಿಸಿ, ವಾರಕ್ಕಾಗುವಷ್ಟು ಮಾಡಿ ಫ್ರೀಜರಿನಲ್ಲಿಟ್ಟಿದ್ದಳು. ಸೋಮವಾರ ಮಧ್ಯಾಹ್ನ, ಗಿರಾಕಿಗಳೆಲ್ಲ ಹೋದ ಮೇಲೆ, ಅರ್ಧ ಪೈಂಟ್ ಮೈಲ್ಡ್ ಬಿಯರ್ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಲೋಟ ಚೆಲ್ಲಿರಲಿಲ್ಲ. ಅಷ್ಟು ಮೆಲ್ಲಗೆ ಹೋಗಿದ್ದಳು.

*

ವಿನ್ನಿ ಈ ಊರಿಗೆ ಬಂದದ್ದು ಎಷ್ಟೋ ವರ್ಷಗಳ ಹಿಂದೆ, ಒಂದು ಅಕ್ಟೋಬರ್ ತಿಂಗಳಲ್ಲಿ. ಮೇವಿಸ್‌ಳ ಗಂಡ ರೆಜ್ ಆಗಿನ್ನೂ ಬದುಕಿದ್ದ. ಅಡುಗೆಯವರು ಬೇಕಾಗಿದ್ದಾರೆ ಎಂದು ಕಿಟಕಿಗೆ ಚೀಟಿ ಅಂಟಿಸಿ ಒಂದು ವಾರವಾಗಿತ್ತು. ಬಸ್ಸಿಳಿದು ಬಂದ ಹೆಂಗಸಿನ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಐದು ವರ್ಷದ ಮಗು. ಚೀಲದಲ್ಲಿದ್ದುದು ಬರೀ ಮಗುವಿನ ಬಟ್ಟೆ.

"ಇಲ್ಲಿಂದ ಸಮುದ್ರ ಎಷ್ಟು ದೂರ?" ಎಂಬುದು ಅವಳು ಕೇಳಿದ ಮೊದಲ ಮಾತು.

ರೆಜ್ ನಕ್ಕುಬಿಟ್ಟ. "ಸಮುದ್ರ ನೋಡೋಕೆ ಇಲ್ಲಿಗ್ಯಾಕೆ ಬಂದ್ಯಮ್ಮಾ ತಾಯಿ? ಯಾವ ಕಡೆ ಹೋದ್ರೂ ಅರ್ಧ ದಿನ ಬೇಕು. ಇಲ್ಲಿರೋದು ಗುಡ್ಡ, ಕುರಿ, ನಾವು."

"ಹಾಗಾದ್ರೆ ಸರಿ," ಎಂದು ಅವಳು ಕೋಟು ಕಳಚಿ ಕೆಲಸಕ್ಕೆ ನಿಂತಳು. ಸಂಬಳ ಕೇಳಲಿಲ್ಲ. ಹಾಕಿದ್ದು ಒಂದೇ ಒಂದು ಷರತ್ತು. ಮೀನು ಮಾತ್ರ ಬೇಯಿಸುವುದಿಲ್ಲ, ಕರಿಯುವುದಿಲ್ಲ, ಮೀನನ್ನು ಅಡುಗೆಮನೆಗೆ ತರಲೂ ಕೂಡದು.

ಶುಕ್ರವಾರ ಎಂದರೆ ಮೀನೂಟ ಎನ್ನುವ ನಾಡಿನಲ್ಲಿ ಮೀನು ಕರಿಯದ ಪಬ್ಬು ಎಂದರೆ ಗಂಟೆಯಿಲ್ಲದ ಚರ್ಚು. ಊರವರು ಒಂದು ವರ್ಷ ಗೊಣಗಿದರು. ಆಮೇಲೆ ಅದೇ ಒಂದು ತಮಾಷೆಯಾಯಿತು. ಅಷ್ಟರಲ್ಲಿ ವಿನ್ನಿಯ ಪೈ ಹೆಸರಾಗಿತ್ತು. ಗುಡ್ಡ ಹತ್ತುವವರು, ದೂರದ ಪೇಟೆಯ ಸಂಸಾರಗಳು, ರೆಜ್ ನೆಲಮಾಳಿಗೆಯಲ್ಲಿ ಮಗುವಿನಂತೆ ನೋಡಿಕೊಳ್ಳುತ್ತಿದ್ದ ಪೀಪಾಯಿಯ ಏಲ್‌ಗಾಗಿ ಬಂದವರು ಊಟಕ್ಕೆ ಕೂತು ಸಂಜೆಯವರೆಗೂ ಏಳುತ್ತಿರಲಿಲ್ಲ. ಆದರೆ ಅವರಲ್ಲಿ ಯಾರೂ ವಿನ್ನಿಯ ಮುಖ ನೋಡಿದವರಲ್ಲ. ಅಡುಗೆಮನೆಯ ಗೋಡೆಯ ಕಿಂಡಿಯಿಂದ ತಟ್ಟೆಗಳನ್ನು ಈಚೆ ತಳ್ಳುವ ಎರಡು ಕೆಂಪು ಮುಂಗೈಗಳಷ್ಟೇ ಅವರಿಗೆ ಗೊತ್ತು. "ಆ ಕೈಗಳಿಗೆ ನಮ್ಮ ನಮಸ್ಕಾರ ಹೇಳಿ," ಎಂದು ಹೇಳಿ ಹೋಗುತ್ತಿದ್ದರು. ಸೊಕ್ಕಿನ ಹೆಂಗಸು ಎಂದುಕೊಂಡವರೂ ಇದ್ದರು.

*

ಕಡುನೀಲಿ ಕೋಟಿನವನು ಬಾಗಿಲ ತೊಲೆಗೆ ತಲೆ ತಾಕದಂತೆ ಬಗ್ಗಿ ಒಳಗೆ ಬಂದಾಗ ಪಬ್ಬು ತುಂಬಿತ್ತು. ಯಾರೋ ವಿನ್ನಿಯ ಮಾತು ಹೇಳಿ ನಗುತ್ತಿದ್ದರು. ಅವನು ನೇರ ಕೌಂಟರಿನ ಬಳಿಗೆ ಬಂದ.

"ಒಂದು ಪೈಂಟ್ ಬಿಟರ್. ಊಟಕ್ಕೇನಿದೆ?"

ದನಿ ಎಷ್ಟು ಮೆತ್ತಗಿತ್ತೆಂದರೆ ಕೇಳಿಸಿಕೊಳ್ಳಲು ಮೇವಿಸ್ ಮುಂದಕ್ಕೆ ಬಾಗಬೇಕಾಯಿತು. ಬಾಗಿದ ಕ್ಷಣ ವಿನ್ನಿ ಎಂದೋ ಹೇಳಿದ ಮಾತು ನೆನಪಾಯಿತು. *ಅವನು ಯಾವತ್ತೂ ಕೂಗಾಡ್ತಿರ್ಲಿಲ್ಲ ಮೇವಿಸ್. ಸಿಟ್ಟು ಬಂದಷ್ಟೂ ದನಿ ಇಳೀತಿತ್ತು.*

"ಇವತ್ತು ಸಾವಿನ ಊಟ," ಎಂದಳು. "ಹೊರಗಿನೋರಿಗೆ ಇಲ್ಲ."

"ನಾನು ಹೊರಗಿನೋನಲ್ಲ."

"ಅಯ್ಯೋ, ಬನ್ನಿ ಬನ್ನಿ!" ಕಿಟಕಿಯ ಪಕ್ಕದ ಮೇಜಿನಿಂದ ಬೆಬ್ ಕೈಬೀಸಿದ. "ವಿನ್ನಿ ಊರೋರಲ್ವಾ? ಅಷ್ಟು ದೂರದಿಂದ ಬಂದಿದೀರಿ, ಖಾಲಿ ಹೊಟ್ಟೇಲಿ ಕಳಿಸ್ತೀವಾ? ಮೇವಿಸ್, ಅವರದು ನನ್ನ ಲೆಕ್ಕಕ್ಕೆ. ಕೂತ್ಕೊಳ್ಳಿ ಸ್ವಾಮಿ."

ಅವನು ಹೋಗಿ ಕೂತ. ಮೇವಿಸ್ ಬಿಯರ್ ಪಂಪಿನ ಹಿಡಿ ಎಳೆದಳು. ಲೋಟ ಅರ್ಧಕ್ಕೆ ಬಂದಾಗ ನಿಲ್ಲಿಸಿ ಕಿವಿಗೊಟ್ಟಳು.

"ಮೀನಿಲ್ವಾ? ಶುಕ್ರವಾರ ಅಲ್ವಾ ಇವತ್ತು?" ಎಂದು ಅವನು ಕೇಳಿದ್ದು ಕೇಳಿಸಿತು.

ಬೆಬ್ ತೊಡೆ ತಟ್ಟಿಕೊಂಡು ನಕ್ಕ. "ಮೀನಾ! ಇಡೀ ದೇಶದಲ್ಲಿ ಶುಕ್ರವಾರ ಮೀನು ಸಿಗದ ಪಬ್ಬು ಇದೊಂದೇ. ನಮ್ಮ ವಿನ್ನಿಗೆ ಮೀನಿನ ವಾಸನೆ ಆಗ್ತಿರ್ಲಿಲ್ಲ. ಬಂದರಿನ ಹೆಂಗಸಿಗೆ ಮೀನಾಗಲ್ಲ ಅಂದ್ರೆ, ಕಟುಕನ ಹೆಂಡ್ತಿ ರಕ್ತ ನೋಡಿ ಮೂರ್ಛೆ ಹೋದ ಹಾಗಾಯ್ತು!"

"ಹೌದಾ," ಎಂದ ಅವನು.

ಬೆಬ್ ಸಾವಿನ ಮನೆಯಲ್ಲಿ ಒಂದು ಪೈಂಟ್ ಕುಡಿದ ಒಳ್ಳೆಯ ಮನುಷ್ಯ. ವಿನ್ನಿಯ ಬಗ್ಗೆ ಕೇಳುವವರು ಸಿಕ್ಕಿದ್ದೇ ಅವನಿಗೆ ಭಾಗ್ಯ. ಕೌಂಟರಿನ ಹಿಂದಿನಿಂದ ಮೇವಿಸ್ ಕಣ್ಣಲ್ಲೇ ಬೇಡವೆಂದಳು, ಕೆಮ್ಮಿದಳು, ಹೆಸರು ಹಿಡಿದು ಕರೆದಳು. ಅವನು "ಬಂದೆ ಇರಮ್ಮಾ" ಎಂದು ಕೈಯಾಡಿಸಿ ಮಾತು ಮುಂದುವರಿಸಿದ.

"ಎಂಥ ಹೆಂಗಸು ಗೊತ್ತಾ? ನನ್ನ ಹೆಂಡ್ತಿ ತೀರ್ಕೊಂಡ ವರ್ಷ ಇಡೀ ಚಳಿಗಾಲ ವಿನ್ನೀನೇ ನನಗೆ ಊಟ ಕಳಿಸಿದ್ಲು. ಒಂದಿನಾನೂ ಬಿಡ್ಲಿಲ್ಲ. ಆಮೇಲೆ ನಾನೇ ಎರಡು ಸಲ ಕೇಳ್ದೆ, ಮದುವೆ ಆಗ್ತೀಯಾ ಅಂತ. ಗಂಡ ಸಮುದ್ರದ ಪಾಲಾದ ಅಂದ್ಲು. ಸತ್ತೋನಿಗೆ ಇಷ್ಟೊಂದು ನಿಷ್ಠೆ ಯಾಕೆ ಮಾರಾಯ್ತಿ ಅಂದೆ. ನಕ್ಕುಬಿಟ್ಲು."

"ಸಮುದ್ರದ ಪಾಲಾದ."

"ಹಂಗಂದ್ಲು. ಮಗಳೊಬ್ಳು, ಚಿನ್ನದಂಥವಳು. ಅಲ್ಲಿ ಹಳೇ ಅಂಚೆ ಆಫೀಸಿನ ಪಕ್ಕದಲ್ಲೇ ಮನೆ, ಹಸಿರು ಬಾಗಿಲು. ಬಾಗಿಲಿಗೆ ಮೂರು ಚಿಲಕ! ನಾನೇ ಹಾಕಿಕೊಟ್ಟಿದ್ದು. ಈ ಊರಿಗೆ ಯಾವ ಕಳ್ಳ ಬರ್ತಾನೆ ವಿನ್ನಿ ಅಂತ ನಗ್ತಿದ್ದೆ. ಈಗ ಪಾಪ ಹುಡುಗಿ ಒಬ್ಳೇ."

ಮೇವಿಸ್ ಮತ್ತೆ ಹಿಡಿ ಎಳೆಯುತ್ತಿದ್ದಳು, ಲೋಟ ತುಂಬಿ ಏಲ್ ಅವಳ ಮುಂಗೈ ಮೇಲೆ, ಅಲ್ಲಿಂದ ನೆಲಕ್ಕೆ ಸುರಿಯುತ್ತಿತ್ತು. ಅದು ಅವಳ ಗಮನಕ್ಕೇ ಬರಲಿಲ್ಲ.

*

ವಿನ್ನಿ ಬಂದ ಮೂರನೆಯ ಬೇಸಿಗೆಯಲ್ಲಿ ಮೀನು ಮಾರುವ ವ್ಯಾನೊಂದು ದಾರಿ ತಪ್ಪಿ ಲ್ಯಾಂಬ್‌ನ ಹಿತ್ತಲಿಗೆ ಬಂದು ನಿಂತಿತ್ತು. ಗಾಳಿ ಅಡುಗೆಮನೆಯ ಕಡೆಗೇ ಬೀಸುತ್ತಿತ್ತು. ಬಟಾಟೆ ತರಲು ಒಳಗೆ ಹೋದ ಮೇವಿಸ್‌ಗೆ ಯಾರೂ ಕಾಣಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ವಿನ್ನಿ ಮೇಜಿನ ಕೆಳಗಿದ್ದಳು. ಮೊಣಕಾಲು ಎದೆಗೆ ಅವಚಿಕೊಂಡು, ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ವ್ಯಾನು ಹೋದ ಎಷ್ಟೋ ಹೊತ್ತಿನ ಮೇಲೆ ಅವಳು ಮಾತಾಡಿದಳು. ಈಚೆ ಬಾರದೆ, ಮೇಜಿನ ಕೆಳಗಿನಿಂದಲೇ.

"ನನ್ನ ಗಂಡ ಮೀನು ಹಿಡಿಯೋ ಟ್ರಾಲರಿನಲ್ಲಿ ಇದ್ದ. ಮೂರು ವಾರ ಸಮುದ್ರದ ಮೇಲೆ, ಮೂರು ದಿನ ಮನೇಲಿ. ಆ ಮೂರು ವಾರ ನಾನು ಉಸಿರಾಡ್ತಿದ್ದೆ. ದೋಣಿ ಬಂತು ಅಂತ ಬೀದಿ ಹೆಂಗಸರೆಲ್ಲ ತುಟಿಗೆ ಬಣ್ಣ ಹಚ್ಕೊಂಡು ಓಡ್ತಿದ್ರು. ನಾನು ಮೇಜು ಒರೆಸ್ತಿದ್ದೆ. ಉಪ್ಪು, ಮೆಣಸು, ಸಾಸಿವೆ, ಚಾಕು, ಎಲ್ಲ ಒಂದೇ ಗೆರೇಲಿ ಇರ್ಬೇಕಿತ್ತು. ಗೆರೆ ತಪ್ಪಿದ್ರೆ ಮೊದ್ಲು ಅವನು ಸರಿ ಮಾಡ್ತಿದ್ದ. ಆಮೇಲೆ ನನ್ನ ಕಡೆ ತಿರುಗ್ತಿದ್ದ. ಕೂತ್ಕೋ ಅಂತಿದ್ದ. ಅಷ್ಟೇ. ಅಷ್ಟು ಮೆತ್ತಗೆ."

"ಪೊಲೀಸಿಗೆ…"

"ಅವನು ಊರಿಗೆಲ್ಲ ಒಳ್ಳೇವ್ನು ಮೇವಿಸ್. ನಗಬೇಡ, ನಿಜವಾಗಿ ಒಳ್ಳೇವ್ನು." ಮೇವಿಸ್ ನಗುತ್ತಿರಲಿಲ್ಲ. "ಒಂದ್ಸಲ ಹುಡುಗಿ ಸಾಸಿವೆ ಡಬ್ಬ ಮುಟ್ಟಿದ್ಲು. ಅವಳ ಕಡೆ ತಿರುಗಿ ಕೂತ್ಕೋ ಅಂದ. ಅದು ಕೂತ್ಕೊಳ್ತು. ಮಗು ಕೂತ್ಕೊಂಡ ರೀತಿ ನೋಡ್ದೆ ನೋಡು… ಮುಂದಿನ ಸಲ ದೋಣಿ ಹೊರಟ ದಿನಾನೇ ನಾನೂ ಹೊರಟೆ."

ಹೇಝಲ್‌ಗೆ ಹೇಳುವುದಿಲ್ಲವೆಂದು ಮೇವಿಸ್ ಅವತ್ತು ಮಾತು ಕೊಟ್ಟಳು. ಅಪ್ಪ ಮುಳುಗಿ ಸತ್ತ ಎಂಬ ಕತೆಯೇ ಮಗುವಿಗೆ ಸಾಕು ಎಂದು ಇಬ್ಬರೂ ಒಪ್ಪಿದರು. ಆಮೇಲೆ ಆ ಮಾತನ್ನು ಮತ್ತೆ ಆಡಲಿಲ್ಲ. ವಿನ್ನಿ ಬೆಳಿಗ್ಗೆ ಬರುವಳು, ಹಾಡು ಗುನುಗುತ್ತ ಹಿಟ್ಟು ನಾದುವಳು, ಬೆಬ್‌ನನ್ನು ಛೇಡಿಸುವಳು. ಆದರೆ ಯಾರಾದರೂ ಕ್ಯಾಮೆರಾ ತೆಗೆದರೆ ಅವಳು ಅಲ್ಲಿರುತ್ತಿರಲಿಲ್ಲ.

*

ಪೈ ತಟ್ಟೆಯನ್ನು ಮೇವಿಸ್ ತಾನೇ ಒಯ್ದಳು. ಮೇಜಿನ ಅಂಚಿನಲ್ಲಿ ಉಪ್ಪು, ಮೆಣಸು, ಸಾಸಿವೆಗಳು ದಾರ ಹಿಡಿದಂತೆ ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಬೆಬ್‌ನ ಲೋಟ. ಅದನ್ನೂ ನೀಲಿ ಕೋಟಿನವನು ಗೆರೆಗೆ ಎಳೆದುಕೊಂಡಿದ್ದ. ಬೆಬ್ ಕಕ್ಕಸಿಗೆ ಹೋಗಿದ್ದ.

"ಹುಡುಗೀನ ಕರಿ," ಎಂದ ಆ ಮನುಷ್ಯ, ತಟ್ಟೆಯನ್ನು ತುಸು ತಿರುಗಿಸಿ ಸರಿಮಾಡುತ್ತ.

"ಅವಳಿಲ್ಲ. ಮನೆಗೆ ಹೋದ್ಲು."

"ಒಳಗಿದಾಳೆ. ನಡಿಗೆ ಅವರಮ್ಮಂದೇ, ಇಲ್ಲಿಗೇ ಕೇಳಿಸ್ತಾ ಇದೆ." ಅವನು ಪೈ ಮುರಿದು ಬಾಯಿಗಿಟ್ಟ. ನಿಧಾನವಾಗಿ ಅಗಿದ. "ಕೈರುಚೀನೂ ಅವಳದೇ. ಅಂದ್ರೆ ಇಷ್ಟು ವರ್ಷ ಊರೋರಿಗೆಲ್ಲ ಬಡಿಸ್ತಾ ಇದ್ಲು. ನನಗೆ ಮಾತ್ರ ಇಲ್ಲ. ಮನೆಗೆ ಬಂದೆ, ಒಲೆ ತಣ್ಣಗಿತ್ತು. ಅದು ಹೇಗಿರುತ್ತೆ ಗೊತ್ತಾ ನಿನಗೆ?"

"ತಿಂದು ಹೋಗ್ಬಿಡಪ್ಪಾ. ಕೈಮುಗೀತೀನಿ."

ಅವನು ತಲೆಯೆತ್ತಿದ. ಕಣ್ಣುಗಳು ತಿಳಿಯಾಗಿದ್ದವು, ನೋಡಿದರೆ ಸಜ್ಜನ ಎನ್ನಬೇಕು. "ನಾನು ಜಗಳಕ್ಕೆ ಬಂದಿಲ್ಲ ತಾಯಿ. ನನ್ನ ಮಗಳು. ನೋಡ್ಬಾರ್ದಾ?" ದನಿ ಇನ್ನೂ ಇಳಿದಿತ್ತು.

ಮೇವಿಸ್ ಸುತ್ತ ನೋಡಿದಳು. ಪಬ್ಬಿನ ತುಂಬ ಜನವಿದ್ದರು. ಇವನನ್ನು ಎತ್ತಿ ಬೀದಿಗೆ ಹಾಕಬಲ್ಲ ರೈತರಿದ್ದರು. ಆದರೆ ಕೂಗಿದರೆ ಒಳಗೆ ಹೇಝಲ್‌ಗೆ ಕೇಳಿಸುತ್ತದೆ. ಅಷ್ಟರಲ್ಲಿ ಅವನ ನೋಟ ಅವಳ ಹೆಗಲ ಮೇಲಿಂದ ಆಚೆ ಹೋಯಿತು.

ಹೇಝಲ್ ಅಡುಗೆಮನೆಯ ಬಾಗಿಲು ದಾಟಿ ಬಂದಿದ್ದಳು. ಏಪ್ರನ್ನಿಗೆ ಕೈಯೊರೆಸಿಕೊಳ್ಳುತ್ತ ಮೇಜಿನ ಬಳಿಗೆ ಬಂದು ನಿಂತಳು.

"ಒಳಗೆ ಹೋಗು ಮಗಾ," ಎಂದಳು ಮೇವಿಸ್.

"ನಂಗೊತ್ತು ಆಂಟಿ ಇವನ್ಯಾರು ಅಂತ. ಪೇಪರಲ್ಲಿ ಹಾಕಿಸಿದ್ದೇ ಇವನು ನೋಡ್ಲಿ ಅಂತ." ಅವಳು ಅವನನ್ನು ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. "ನೀನು ಮುಳುಗಿಹೋದೆ ಅಂತ ಅಮ್ಮ ಹೇಳ್ತಿದ್ಲು. ನಂಬಿದ ಹಾಗಿದ್ದೆ. ಅವಳಿಗೆ ಅದ್ರಿಂದ ನಿದ್ದೆ ಬರ್ತಿತ್ತು. ಆದ್ರೆ ನನಗೆ ನೆನಪಿದೆ. ಬಾಗಿಲು ತುಂಬ ನೀನೇ ಇರ್ತಿದ್ದೆ. ಎಷ್ಟು ದೊಡ್ಡೋನು ಅಂತ ಒಂದ್ಸಲ ನೋಡ್ಬೇಕಿತ್ತು."

ಹತ್ತಿರದ ಮೇಜುಗಳಲ್ಲಿ ಮಾತು ನಿಂತಿತು. ಆಮೇಲೆ ದೂರದ ಮೇಜುಗಳಲ್ಲೂ.

ಅವನು ಕರವಸ್ತ್ರದಿಂದ ತುಟಿ ಒರೆಸಿಕೊಂಡು, ಎದುರಿಗಿದ್ದ ಕುರ್ಚಿಯ ಕಡೆ ಗದ್ದ ಎತ್ತಿ ತೋರಿಸಿದ.

"ಕೂತ್ಕೋ, ಹೇಝಲ್."

ಪಿಸುಮಾತಿಗಿಂತ ಒಂದು ಕೂದಲೆಳೆ ಹೆಚ್ಚು, ಅಷ್ಟೆ. ಹೇಝಲ್‌ಳ ಕೈ ಕುರ್ಚಿಯ ಬೆನ್ನಿಗೆ ಹೋಯಿತು. ಕುರ್ಚಿ ಎಳೆದ ಸದ್ದಾಯಿತು. ಅವಳ ಮೊಣಕಾಲು ಮಡಚತೊಡಗಿತು. ಮುಖದಲ್ಲಿ ಏನೂ ಇರಲಿಲ್ಲ. ಮುಂಜಾವಿನ ಹಿಮದಲ್ಲಿ ಗುಡ್ಡದ ದಾರಿಯ ಮೇಲೆ ವ್ಯಾನು ಓಡಿಸುವ ಹೆಂಗಸು ಅಲ್ಲಿರಲಿಲ್ಲ. ಇದ್ದದ್ದು ಐದು ವರ್ಷದ ಮಗು, ಅದು ಕೂರುತ್ತಿತ್ತು. ಮೇವಿಸ್ ಕೂಗಬೇಕೆಂದುಕೊಂಡಳು. ಸೀಟಿಗೂ ಹೇಝಲ್‌ಗೂ ನಡುವೆ ಒಂದು ಗೇಣು ಉಳಿಯಿತು. ಅಲ್ಲೇ ಅವಳು ನಿಂತಳು. ತೊಡೆಗಳು ಥರಗುಟ್ಟುತ್ತಿದ್ದವು. ಎಷ್ಟೋ ಹೊತ್ತು ಹಾಗೇ ಇದ್ದಳು ಎನಿಸಿತು.

ಆಮೇಲೆ ಮೇಲೆದ್ದಳು.

"ಇಲ್ಲ," ಎಂದಳು. ದನಿ ಸಣ್ಣಗಾಗಿ ಒಡೆದಿತ್ತು. "ನಿಂತೇ ಇರ್ತೀನಿ. ತಿಂದಾಯ್ತಲ್ಲ. ಹೋಗು."

ಅವನು ಸುತ್ತ ನೋಡಿದ. ಯಾರೂ ಎದ್ದು ನಿಂತಿರಲಿಲ್ಲ. ದೊಡ್ಡ ದೊಡ್ಡ ಗಂಡಸರು ಲೋಟದೊಳಗೆ ನೋಡುತ್ತ ಕೂತಿದ್ದರು. ಕಕ್ಕಸಿನ ಬಾಗಿಲ ಬಳಿ ಬೆಬ್ ಒಬ್ಬ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖ ಸುಣ್ಣದಂತಾಗಿತ್ತು.

ಮನುಷ್ಯ ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಹೇಝಲ್‌ಳ ಪಕ್ಕ ಹಾಯುವಾಗ ಒಂದು ಗಳಿಗೆ ನಿಂತ.

"ಹಸಿರು ಬಾಗಿಲು," ಎಂದ. "ಮೂರು ಚಿಲಕ."

*

ಬಸ್‌ ಸ್ಟಾಪು ಪಬ್ಬಿನ ಎದುರಿಗೇ ಇತ್ತು. ಅವನು ಅಲ್ಲಿ ಕಲ್ಲುಬೆಂಚಿನ ಮೇಲೆ ನೆಟ್ಟಗೆ ಕೂತು ಲ್ಯಾಂಬ್‌ನ ಕಿಟಕಿಗಳನ್ನು ನೋಡುತ್ತಿದ್ದ. ಒಳಗಿನವರು ಕಿಟಕಿಯಿಂದ ಸರಿದು ನಿಂತರು. ಮೇವಿಸ್ ಬಾಗಿಲಿನ ಬೀಗ ಹಾಕಿದಳು. ಹೇಝಲ್ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದಿದ್ದಳು.

"ಇವತ್ತು ಹೋಗ್ತಾನೆ," ಎಂದಳು, ಯಾರನ್ನೂ ನೋಡದೆ. "ನಾಳೆ?"

ಬೆಬ್ ಗೂಟದಿಂದ ಟೋಪಿ ತೆಗೆದುಕೊಂಡ, ಮೂಲೆಯಿಂದ ಕೋಲು ತೆಗೆದುಕೊಂಡ.

"ಬಾಗಿಲು ತೆಗಿಯಮ್ಮಾ."

"ಎಲ್ಲಿಗೆ?"

"ಬಸ್ ಸ್ಟಾಪಿಗೆ."

"ನಿನಗೆ ಯಾವ ಬಸ್ಸು? ಸುಮ್ನೆ ಕೂತ್ಕೋ. ಎದೆ ನೋವಿನ ಮನುಷ್ಯ ನೀನು."

"ಮನೆ ತೋರಿಸಿಕೊಟ್ಟಿದ್ದು ನಾನು," ಎಂದ ಬೆಬ್. "ತೆಗಿ."

ಅವನು ರಸ್ತೆ ದಾಟುವುದನ್ನು ಮೇವಿಸ್ ಪರದೆಯ ಸಂದಿಯಿಂದ ನೋಡಿದಳು. ಹೆಜ್ಜೆಗೊಮ್ಮೆ ನಿಲ್ಲುತ್ತ, ಕೋಲೂರುತ್ತ ಹೋಗಿ, ಬೆಂಚಿನ ಮೇಲೆ ಆ ಮನುಷ್ಯನ ಪಕ್ಕದಲ್ಲೇ ಕೂತ. ಜಾಗ ಬೇಕಾದಷ್ಟಿದ್ದರೂ ತೋಳಿಗೆ ತೋಳು ತಾಕುವಷ್ಟು ಹತ್ತಿರ. ಇಬ್ಬರು ಮುದುಕರು ಬಸ್ಸಿಗೆ ಕಾಯುವಂತೆ ಕೂತಿದ್ದರು. ನೀಲಿ ಕೋಟಿನವನು ಒಮ್ಮೆ ತಿರುಗಿ ಏನೋ ಅಂದ. ಬೆಬ್ ಅಲ್ಲಾಡಲಿಲ್ಲ. ಇನ್ನೊಮ್ಮೆ ಅಂದ. ಬೆಬ್ ರಸ್ತೆಯನ್ನೇ ನೋಡುತ್ತಿದ್ದ.

ಬಸ್ಸು ಬಂದು ಅಡ್ಡ ನಿಂತಿತು. ಬಸ್ಸು ಹೊರಟಿತು. ಹಿಂದಿನ ಸೀಟಿನ ಗಾಜಿನಲ್ಲಿ ಬಿಳಿ ತಲೆಯೊಂದು ಕಂಡಿತು. ಬೆಂಚಿನ ಮೇಲೆ ಬೆಬ್ ಒಬ್ಬನೇ ಉಳಿದಿದ್ದ.

ಅವನು ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಹೇಝಲ್ ಬಾಗಿಲು ತೆರೆದು ಹೊರಗೆ ಹೋದಳು. ಹಿಂದೆಯೇ ಮೇವಿಸ್ ರಸ್ತೆಯ ಅಂಚಿನವರೆಗೆ ಬಂದಳು.

"ಏನಂದ್ರಿ ಅವನಿಗೆ?" ಎಂದು ಹೇಝಲ್ ಕೇಳುತ್ತಿದ್ದಳು.

"ಏನೂ ಅನ್ನಕ್ಕಾಗ್ಲಿಲ್ಲ ಮಗಾ. ಹೋಗ್ತಾ ಎಷ್ಟೋ ಜೋಡಿಸ್ಕೊಂಡು ಹೋಗಿದ್ದೆ. ನಾಲಿಗೇನೇ ಏಳ್ಲಿಲ್ಲ. ಸುಮ್ನೆ ಕೂತಿದ್ದೆ."

ಅವನು ಪೈಪನ್ನು ಬಾಯಿಗಿಟ್ಟುಕೊಂಡು ಬೆಂಕಿಕಡ್ಡಿ ಗೀರಲು ನೋಡುತ್ತಿದ್ದ. ಕಡ್ಡಿ ಪೆಟ್ಟಿಗೆಗೆ ತಾಗದೆ ಬೆರಳಿನಿಂದ ಜಾರಿ ಕಾಲ ಬಳಿ ಬಿತ್ತು. ಅಲ್ಲಿ ಆಗಲೇ ಏಳೆಂಟು ಕಡ್ಡಿಗಳು ಬಿದ್ದಿದ್ದವು. ಹೇಝಲ್ ಪಕ್ಕದಲ್ಲಿ ಕೂತು ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಅವಳು ಗೀರಿದ ಕಡ್ಡಿ ಮುರಿಯಿತು. ಇನ್ನೊಂದು ತೆಗೆದಳು, ಅದೂ ಜಾರಿ ಬಿತ್ತು. ಬೆಬ್ ತನ್ನ ಕೈಯಿಂದ ಅವಳ ಮಣಿಕಟ್ಟನ್ನು ಹಿಡಿದು ನಿಲ್ಲಿಸಲು ನೋಡಿದ. ಈಗ ಎರಡು ಕೈಗಳೂ ಒಟ್ಟಿಗೇ ನಡುಗತೊಡಗಿದವು, ಪೆಟ್ಟಿಗೆಯೊಳಗಿನ ಕಡ್ಡಿಗಳು ಗಿಲಕಿಯಂತೆ ಗಲಗಲ ಸದ್ದು ಮಾಡುತ್ತಿದ್ದವು, ಮತ್ತು ಆ ಸದ್ದು ರಸ್ತೆಯ ಈಚೆ ನಿಂತಿದ್ದ ಮೇವಿಸ್‌ಗೂ ಕೇಳಿಸುತ್ತಿತ್ತು.